ದಿಲ್ಲಿ ಶುರುವಾಗುವುದು ಎಲ್ಲಿಂದ

ಮೇ 3, ಭಾನುವಾರ

ಬಲಗೈ ಬೆರಳುಗಳಿಗೆ ಕೆಲಸ ಕೊಡಬೇಕು, ದಿನಾ ಒಂದು ಪುಟ ಬರೆಯಬೇಕು ಎಂದು ಡಾಕ್ಟರು ಹೇಳಿದ್ದಾರೆ. ಏನು ಬರೆಯಲಿ ಎಂದು ಕೇಳಿದ್ದಕ್ಕೆ ‘ಮನಸ್ಸಿಗೆ ಬಂದದ್ದು’ ಎಂದರು. ನನ್ನ ಮನಸ್ಸಿಗೆ ಬರುವುದನ್ನೆಲ್ಲ ಬರೆದರೆ ಈ ಮನೆಯಲ್ಲಿ ಯಾರೂ ನನಗೆ ಊಟ ಹಾಕುವುದಿಲ್ಲ. ಮನೆಯಲ್ಲಿ ಆಡುವುದು ಉರ್ದು. ಬರೆಯಲು ಬರುವುದು ಶಿರಸಿಯ ಸರಕಾರಿ ಶಾಲೆಯಲ್ಲಿ ಕಲಿತ ಕನ್ನಡ ಮಾತ್ರ. ಹಾಗಾಗಿ ಬೈಗುಳವೂ ಕನ್ನಡದಲ್ಲೇ.

ಈ ಊರಿನಲ್ಲಿ ಖಾಜಾ ಹುಸೇನ್ ಎಂಬ ಹೆಸರಿನವರು ನಾಲ್ಕೈದು ಮಂದಿ ಇದ್ದಾರೆ. ದಿಲ್ಲಿ ಖಾಜಾ ಎಂದರೆ ನಾನೊಬ್ಬನೇ. ಮೂವತ್ತು ವರ್ಷ ಇಲ್ಲಿಂದ ದಿಲ್ಲಿಗೆ ಲಾರಿ ಹೊಡೆದವನು. ಐದು ರಸ್ತೆ ಸರ್ಕಲ್ಲಿನಲ್ಲಿ ನಿಂತು ಯಾರನ್ನು ಕೇಳಿದರೂ ನನ್ನ ಮನೆ ತೋರಿಸುತ್ತಾರೆ. ಕಳೆದ ಮಳೆಗಾಲದಲ್ಲಿ ಲಕ್ವ ಹೊಡೆದು ಬಲಗಾಲು ಎಳೆಯುವ ಹಾಗಾಯಿತು. ಅಲ್ಲಿಂದ ಲಾರಿ ಚಪ್ಪರದ ಕೆಳಗೆ ನಿಂತಿದೆ, ನಾನು ಜಗಲಿಯ ಮೇಲೆ ಕೂತಿದ್ದೇನೆ.

ಲಾರಿ ಮಾರುವುದೆಂದು ನಿಶ್ಚಯ ಮಾಡಿದ್ದೇನೆ. ಹುಬ್ಬಳ್ಳಿಯ ಪಾರ್ಟಿ ಹದಿನೇಳನೇ ತಾರೀಕಿಗೆ ಮೆಕ್ಯಾನಿಕ್ಕನ್ನು ಕರೆದುಕೊಂಡು ಬರುತ್ತಾನೆ. ಅಷ್ಟರಲ್ಲಿ ನನ್ನ ಮಗಳು ಹುಸ್ನಾ ಹೊಸ ರಾಗ ತೆಗೆದಿದ್ದಾಳೆ. ಲಾರಿಯನ್ನು ತಾನು ಓಡಿಸುತ್ತಾಳಂತೆ. ಇವಳು ಯಲ್ಲಾಪುರದಿಂದ ಇಡಗುಂದಿಗೆ ಶಾಲೆಯ ಬಸ್ಸು ಓಡಿಸುವವಳು, ಮದುವೆಯ ಮಾತು ಎತ್ತಿದರೆ ಬಸ್ಸಿನ ಕೀಲಿ ಎತ್ತಿಕೊಂಡು ಹೊರಡುವವಳು. ಶಾಲೆಗೆ ಈಗ ರಜೆ. ‘ಅಬ್ಬಾ, ಒಂದೇ ಒಂದು ಟ್ರಿಪ್ಪು. ದಾಸನಕೊಪ್ಪದ ಅನಾನಸು ದಿಲ್ಲಿಗೆ ಹೋಗೋದಿದೆ. ಮಾಲು ಕೆಡದೆ ಮುಟ್ಟಿದ್ರೆ ಲಾರಿ ನಂಗೆ. ಕೆಟ್ರೆ ಹುಬ್ಬಳ್ಳಿಯವರಿಗೆ’ ಎಂದಳು.

ಆಗುವುದಿಲ್ಲ ಎಂದೆ. ರೊಟ್ಟಿ ತಟ್ಟುತ್ತಿದ್ದ ಶಮ್ಸುನ್ನಿಸಾ ತಿರುಗಿಯೂ ನೋಡದೆ, ‘ಅವಳ ಜೊತೆ ನಾನೂ ಹೋಗ್ತೇನೆ’ ಎಂದಳು. ಮದುವೆಯಾಗಿ ಇಷ್ಟು ವರ್ಷ ಹುಬ್ಬಳ್ಳಿ ದಾಟದ ಹೆಂಡತಿ ಇವಳು. ತಾಯಿ ಮಗಳು ಮೊದಲೇ ಮಾತಾಡಿಕೊಂಡಿದ್ದಾರೆ ಎಂದು ಆಗ ಗೊತ್ತಾಯಿತು. ಹೋಗಲಿ. ಪುಣೆ ಮುಟ್ಟುವುದರೊಳಗೆ ಬುದ್ಧಿ ಬಂದು ತಿರುಗುತ್ತಾರೆ.

ಮೇ 4, ಸೋಮವಾರ

ಅನಾನಸು ಸುಭಾಷನದು. ದಾಸನಕೊಪ್ಪದ ಹುಡುಗ, ಅಪ್ಪ ಬಿಟ್ಟುಹೋದ ಭತ್ತದ ಗದ್ದೆಯ ಪಕ್ಕ ಗುಡ್ಡ ಕಡಿದು ಅನಾನಸು ಹಾಕಿದವನು. ತನ್ನ ಜೀಪಿನಲ್ಲಿ ನನ್ನನ್ನು ಕರೆದುಕೊಂಡು ಹೋದ. ದಾರಿಯುದ್ದಕ್ಕೂ ಬಾಯಿ ಮುಚ್ಚಲಿಲ್ಲ. ‘ಸಾಹೇಬ್ರ, ನಿಮ್ಮ ಮುಖ ನೋಡಿ ಕೊಡಾಕತ್ತೀನ್ರಿ. ಬ್ಯಾರೆ ಯಾರರ ಹೆಣ್ಮಗಳ ಕೈಯಾಗ ಕೊಡ್ತಿದ್ದಿಲ್ಲ. ಈ ಹಣ್ಣು ಹೋತಂದ್ರ ನನ್ನ ವರ್ಷನ ಹೋತ್ರಿ’ ಎಂದ. ನಾನಿದ್ದೇನಲ್ಲ ಎಂದೆ.

ಅನಾನಸನ್ನು ಜುಟ್ಟು ಕತ್ತರಿಸದೆ ತುಂಬಬೇಕು, ತಲೆಕೆಳಗಾಗಿ. ಮೇಲಿನ ಸಾಲಿನ ಜುಟ್ಟೇ ಕೆಳಗಿನ ಸಾಲಿನ ಮೇಲೆ ಹಾಸಿಗೆಯಾಗುತ್ತದೆ, ಹಣ್ಣು ಹಣ್ಣಿಗೆ ತಾಗಿ ಜಜ್ಜುವುದಿಲ್ಲ. ಹಮಾಲರು ಇದನ್ನು ಸರಿಯಾಗಿಯೇ ಮಾಡುತ್ತಿದ್ದರು. ಹುಸ್ನಾ ಲಾರಿಯ ಮೇಲೆ ಹತ್ತಿ, ನಡುವೆ ಗಾಳಿ ಆಡಲು ಓಣಿ ಬಿಡಿ ಎಂದು ಜೋರು ಮಾಡಿದಳು. ಅವರು ನನ್ನ ಮುಖ ನೋಡಿದರು. ನಾನು ಹೂಂ ಎಂದೆ, ಯಾಕೆಂದರೆ ಅದು ನಾನೇ ಅವಳಿಗೆ ಯಾವತ್ತೋ ಹೇಳಿದ್ದ ಮಾತು.

ಹೊರಡುವ ಮೊದಲು ದಿಲ್ಲಿಯ ದಾರಿ ಹೇಳಿಕೊಟ್ಟೆ. ‘ಮಥುರಾ ಆದ ಮೇಲೆ ಪಲ್ವಲ್. ಆಮೇಲೆ ಹೊಲ, ಇಟ್ಟಿಗೆ ಭಟ್ಟಿ. ಹೊಲ ಮುಗೀತು ಅಂದ್ರೆ ಬದರ್ಪುರ, ಅಲ್ಲಿಂದ ದಿಲ್ಲಿ ಶುರು. ಹಣ್ಣಿನ ಮಂಡಿಯ ದಲಾಲಿ ಇದ್ದಾನಲ್ಲ, ಅವನ ಆಳು ಅಲ್ಲಿಯ ಗಡಿ ನಾಕಾದಲ್ಲಿ ನಿಂತಿರ್ತಾನೆ. ಹತ್ತಿಸಿಕೋ, ಅವನೇ ಮಂಡಿಗೆ ಕರ್ಕೊಂಡು ಹೋಗ್ತಾನೆ.’ ಹುಸ್ನಾ ಕನ್ನಡಿ ಒರೆಸುತ್ತ ಕೇಳಿದಳು. ಶಮ್ಸು ಒಂದು ಚೀಲ ರೊಟ್ಟಿ, ನೀರಿನ ಕ್ಯಾನು, ಒಂದು ದಿಂಬು ಹಿಡಿದುಕೊಂಡು ಹತ್ತಿ ಕೂತಳು. ಹತ್ತುವಾಗ ನನ್ನ ಕೈ ಕೇಳಲಿಲ್ಲ.

ಮೇ 5, ಮಂಗಳವಾರ

ಪುಣೆ ದಾಟಿದರಂತೆ. ತಿರುಗಲಿಲ್ಲ.

ಪಕ್ಕದ ಮನೆಯ ಪರಿಮಳಾ ಟೀಚರು ಅನ್ನ, ತಂಬುಳಿ ಕೊಟ್ಟರು. ಉಪ್ಪು ಕಡಿಮೆ.

ಮೇ 6, ಬುಧವಾರ

ಸಂಜೆ ಪರಿಮಳಾ ಟೀಚರು ಪಾತ್ರೆ ತೆಗೆದುಕೊಂಡು ಹೋಗಲು ಬಂದವರು ಜಗಲಿಯಲ್ಲಿ ಕೂತರು. ಅವರಿಗೆ ಜನಗಣತಿಯ ಕೆಲಸ ಬಿದ್ದಿದೆ, ಬಾಯಿ ತೆರೆದರೆ ಜನಸಂಖ್ಯೆ. ಫೋನಿನಲ್ಲಿ ದಿಲ್ಲಿಯ ನಕ್ಷೆ ತೆಗೆದು, ‘ಚಾಚಾ, ನಿಮ್ಮ ದಿಲ್ಲಿ ಇದ್ರಲ್ಲಿ ಎಲ್ಲಿದ್ದು ತೋರ್ಸಿ ನೋಡ್ವ’ ಎಂದರು. ನಾನು ಯಮುನೆಯ ಪಕ್ಕ ಬೆರಳಿಟ್ಟೆ. ಅವರು ನಕ್ಕು, ಎರಡು ಬೆರಳಿನಿಂದ ನಕ್ಷೆಯನ್ನು ಹಿಂಡಿ ಸಣ್ಣದು ಮಾಡಿ, ಸುತ್ತ ದೊಡ್ಡ ಗೆರೆ ಎಳೆದು ತೋರಿಸಿದರು. ರಾಜಧಾನಿ ಪ್ರದೇಶ ಎಂದರೆ ಇದಿಷ್ಟೂ ಎಂದರು.

ಸೋನಿಪತ್ ಹರಿಯಾಣದ್ದು, ಮೀರತ್ ಉತ್ತರ ಪ್ರದೇಶದ್ದು, ಅಲವರ್ ರಾಜಸ್ಥಾನದ್ದು. ಇವೆಲ್ಲ ದಿಲ್ಲಿ ಹೇಗೆ ಆಗುತ್ತವೆ ಎಂದು ವಾದಕ್ಕೆ ಕೂತೆ. ‘ರಾಜ್ಯ ಬೇರೆ ಚಾಚಾ, ಬದುಕು ಒಂದೇ. ಸಿದ್ದಾಪುರದವ್ರು ಬೆಳಿಗ್ಗೆ ಶಿರಸಿಗೆ ಬಂದು ಕೆಲ್ಸ ಮಾಡಿ ಸಂಜೆ ಮನೆಗೆ ಹೋಗ್ತ್ವಿಲ್ಯ, ಹಂಗೇಯ’ ಎಂದರು. ಗಡಿ ದಾಟಿದ್ದು ಎಷ್ಟೋ ಜನರಿಗೆ ಗೊತ್ತೇ ಆಗುವುದಿಲ್ಲವಂತೆ. ಹಿಂದಿನ ಗಣತಿಯಲ್ಲೇ ಅಲ್ಲಿಯ ಜನ ನಾಲ್ಕೂವರೆ ಕೋಟಿಗೆ ಮಿಕ್ಕಿ ಇದ್ದರಂತೆ. ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರು ತಾಲೂಕು ಒಟ್ಟು ಸೇರಿಸಿದರೂ ನಾಲ್ಕು ಲಕ್ಷ ತುಂಬುವುದಿಲ್ಲ ಎಂದರು.

ಅವರು ಹೋದ ಮೇಲೆ ಅದನ್ನೇ ಯೋಚಿಸುತ್ತ ಕೂತೆ. ಮೂವತ್ತು ವರ್ಷ ಹೋಗಿ ಬಂದೆ, ಅಲ್ಲಿ ಎಷ್ಟು ಜನ ಇದ್ದಾರೆಂದು ಒಮ್ಮೆಯೂ ಕೇಳಿರಲಿಲ್ಲ. ನನಗೆ ಗೊತ್ತಿದ್ದದ್ದು ದಲಾಲಿ, ಅವನ ಆಳು, ಒಬ್ಬ ಚಹಾದವನು.

ಮೇ 8, ಶುಕ್ರವಾರ

ಆಗ್ರಾ ದಾಟಿದರು. ಮಧ್ಯಾಹ್ನ ನಮಾಜು ಮುಗಿಸಿ ಬಂದು ಫೋನ್ ಮಾಡಿದೆ. ಶಮ್ಸು ಎತ್ತಿದಳು. ದನಿ ಹುಷಾರಾಗಿತ್ತು, ಮನೆಯಲ್ಲಿದ್ದಾಗಿನದಕ್ಕಿಂತ ಹೆಚ್ಚೇ. ಹೊಲ ಮುಗಿಯಿತಾ ಎಂದು ಕೇಳಿದೆ. ‘ಎಂತ ಹೇಳ್ಲಿ ರೀ. ಹೊಲ ಎಲ್ಲೂ ಮುಗಿಯೂದಿಲ್ಲ, ಊರು ಎಲ್ಲೂ ಶುರುವಾಗೂದಿಲ್ಲ. ಗೋಧಿ ಕೊಯ್ದ ಗದ್ದೆ ಮಧ್ಯ ಇಪ್ಪತ್ತು ಮಹಡಿ ಮನೆ, ಅದ್ರ ಬುಡದಲ್ಲಿ ಎಮ್ಮೆ’ ಎಂದಳು. ಇವಳಿಗೆ ನೋಡಲು ಬರುವುದಿಲ್ಲ ಎಂದುಕೊಂಡೆ.

ಹುಸ್ನಾ ಮಾತಾಡಿದಳು. ಮಂಡಿ ಇರುವುದು ದಿಲ್ಲಿಯ ಉತ್ತರಕ್ಕೆ, ಆದ್ದರಿಂದ ಪಲ್ವಲ್‌ನಲ್ಲಿ ಹೊರಸುತ್ತಿನ ದೊಡ್ಡ ರಸ್ತೆ ಹಿಡಿಯುತ್ತೇನೆ ಎಂದಳು. ನಾನು ಬೇಡ ಎಂದೆ. ಬದರ್ಪುರವೇ ದಾರಿ, ನಿನ್ನ ಫೋನಿಗಿಂತ ಮೊದಲು ನಾನು ಆ ರಸ್ತೆಯಲ್ಲಿ ಓಡಾಡಿದ್ದೇನೆ ಎಂದೆ. ‘ನೋಡ್ತೇನೆ ಅಬ್ಬಾ’ ಎಂದಳು. ನಮ್ಮ ಮನೆಯಲ್ಲಿ ನೋಡ್ತೇನೆ ಎಂದರೆ ಒಪ್ಪಿದ ಹಾಗೆ.

ಆಮೇಲೆ ದಲಾಲಿಗೆ ನಾನೇ ಫೋನ್ ಹಚ್ಚಿ, ಬೆಳಗಿನ ಜಾವಕ್ಕೆ ಬದರ್ಪುರ ನಾಕಾದಲ್ಲಿ ಆಳು ನಿಲ್ಲಿಸು ಎಂದೆ. ಆಯಿತು ಖಾಜಾಭಾಯಿ ಎಂದ. ಅಲ್ಲಿಯವನು ನನ್ನ ಹೆಸರು ಮರೆತಿಲ್ಲ. ಕಾಲು ಎಳೆದರೇನು, ನನ್ನ ಒಂದು ಮಾತಿಗೆ ದಿಲ್ಲಿಯಲ್ಲಿ ಇನ್ನೂ ಒಬ್ಬ ಬಂದು ನಿಲ್ಲುತ್ತಾನೆ. ಇವತ್ತು ಬೆರಳು ಚೆನ್ನಾಗಿ ಓಡುತ್ತಿದೆ.

ಮೇ 9, ಶನಿವಾರ

ಬೆಳಿಗ್ಗೆ ಚಹಾ ಕುಡಿಯುವ ಹೊತ್ತಿಗೆ ದಲಾಲಿಯ ಫೋನು. ಬೈದ. ಹಿಂದಿಯ ಬೈಗುಳ ನನಗೆ ಹೊಸತಲ್ಲ, ಆದರೆ ಈ ವಯಸ್ಸಿನಲ್ಲಿ ಯಾರೂ ಹಾಗೆ ಬೈದಿರಲಿಲ್ಲ. ಅವನ ಆಳು ಬದರ್ಪುರದಲ್ಲಿ ಬೆಳಕು ಹರಿಯುವವರೆಗೆ ಕಾದು ವಾಪಸು ಹೋದನಂತೆ. ಲಾರಿಯ ಪತ್ತೆಯೇ ಇಲ್ಲವಂತೆ.

ಹುಸ್ನಾಳಿಗೆ ಮಾಡಿದರೆ ಅವಳು ಕುಂಡಲಿಯಲ್ಲಿ ನಿಂತಿದ್ದಾಳೆ. ಬದರ್ಪುರ ದಿಲ್ಲಿಯ ದಕ್ಷಿಣದ ಬಾಗಿಲು. ಕುಂಡಲಿ ಉತ್ತರದ್ದು, ಅದೂ ಹರಿಯಾಣದಲ್ಲಿ. ಪಲ್ವಲ್‌ನಲ್ಲಿ ಹೊರಸುತ್ತಿನ ರಸ್ತೆ ಹಿಡಿದು, ಉತ್ತರ ಪ್ರದೇಶ ಹೊಕ್ಕು, ಮತ್ತೆ ಹರಿಯಾಣಕ್ಕೆ ಹೊರಬಿದ್ದು, ಮಂಡಿಗೆ ಹತ್ತಿರದ ಬಾಗಿಲಿಗೆ ಬಂದು, ಆಳನ್ನು ಅಲ್ಲಿಗೆ ಕಳಿಸಿ ಎಂದು ದಲಾಲಿಯ ಅಂಗಡಿಗೆ ಹೇಳಿ ಕಾದಿದ್ದಾಳೆ. ಬೆಳಕಾದ ಮೇಲೆ ದಿಲ್ಲಿಯೊಳಗೆ ಲಾರಿ ಬಿಡುವುದಿಲ್ಲ.

‘ಅಬ್ಬಾ, ದಲಾಲಿಗೆ ನೀವು ಫೋನ್ ಮಾಡಿದ್ರಾ?’ ಎಂದಳು. ಮಾಡಿದ್ದೆ ಎಂದೆ. ‘ನಂಗೆ ಒಂದು ಮಾತು ಹೇಳ್ಬೋದಿತ್ತಲ್ಲ’ ಎಂದಳು, ಅಷ್ಟೇ. ಅವಳು ಕೂಗಾಡಿದ್ದರೆ ನನಗೂ ಕೂಗಾಡಲು ಸುಲಭವಾಗುತ್ತಿತ್ತು.

ತಪ್ಪು ನನ್ನದಲ್ಲ. ಶಿರಸಿಗೆ ಬರುವ ಲಾರಿಗಾದರೆ ಐದು ರಸ್ತೆಯಲ್ಲಿ ನಿಂತಿರು ಎಂದರೆ ಸಾಕು, ಯಾವ ಕಡೆಯಿಂದ ಬಂದರೂ ಅಲ್ಲಿಗೇ ಬರಬೇಕು. ದಿಲ್ಲಿಗೂ ನಾನು ಹಾಗೇ ಹೇಳಿದೆ. ನನ್ನ ಕಾಲದಲ್ಲಿ ಅದು ನಡೆಯುತ್ತಿತ್ತು. ಊರು ಬೆಳೆದರೆ ಅದಕ್ಕೆ ಖಾಜಾ ಹುಸೇನ್ ಏನು ಮಾಡಬೇಕು?

ಮಧ್ಯಾಹ್ನದ ಮೊದಲೇ ದಲಾಲಿ ಕೈಯೆತ್ತಿದ. ಬೇರೆ ಲಾರಿಗಳು ಬಂದಿವೆ, ನಿಮ್ಮ ಮಾಲು ಬೇಡ ಎಂದ. ಅಲ್ಲಿ ಬಿಸಿಲು ಅಂದರೆ ನಮ್ಮ ಕಡೆಯ ಬಿಸಿಲಲ್ಲ. ಇನ್ನೆರಡು ದಿನ ಹಾಗೇ ನಿಂತರೆ ನಡುವಿನ ಸಾಲು ಹುಳಿಯುತ್ತದೆ.

ಸುಭಾಷ ಓಡಿ ಬಂದ. ಜಗಲಿ ಹತ್ತುವಾಗಲೇ ಕಣ್ಣಲ್ಲಿ ನೀರು. ‘ಸಾಹೇಬ್ರ, ಎಲ್ಲಾ ಹೋತಲ್ರಿ. ಮನ್ಯಾಗ ಏನಂತ ಹೇಳ್ಲಿ ನಾ’ ಎಂದ. ನನಗೆ ಮುಖ ಎತ್ತಲು ಆಗಲಿಲ್ಲ. ಪರಿಮಳಾ ಟೀಚರು ನೀರು ತಂದುಕೊಟ್ಟರು. ಆಗ ಹುಸ್ನಾಳ ಫೋನು ಬಂತು. ಸ್ಪೀಕರ್ ಹಾಕಿ ಎಂದಳು.

‘ಸುಭಾಷಣ್ಣ, ಕೇಳಿ. ಅಮ್ಮಿ ಇಲ್ಲಿ ಒಂದು ಹಣ್ಣು ಹೆಚ್ಚಿ, ಉಪ್ಪು ಖಾರ ಹಾಕಿ ಅಕ್ಕಪಕ್ಕದ ಲಾರಿಯವ್ರಿಗೆ ಕೊಟ್ರು. ಮೀರತ್ ಕಡೆಯವ್ರು. ಹಣ್ಣು ಬಾರೀ ಸಿಹಿ ಅಂದ್ರು. ಗಾಜಿಯಾಬಾದಿನ ಮಂಡಿಯ ಒಬ್ರ ನಂಬರ್ ಕೊಟ್ಟಿದಾರೆ. ನಾನು ಮಾತಾಡ್ದೆ, ಅರ್ಧ ಲಾರಿ ತಗೋತಾರೆ. ಉಳಿದದ್ದು ಗುರ್ಗಾಂವಿಗೆ. ಅಲ್ಲೂ ಉಳಿದ್ರೆ ಭಿವಾಡಿಗೆ, ಅಲ್ಲಿ ಬರೀ ಕಾರ್ಖಾನೆ, ಜ್ಯೂಸ್ ಅಂಗಡಿ ಸಾಲು ಸಾಲು ಇದಾವಂತೆ. ಹೊರಗಿನ ರಸ್ತೆ ಎಲ್ಲಾ ಕಡೆ ಮುಟ್ಟತ್ತೆ. ದಿಲ್ಲಿ ಒಳಗೆ ಹೋಗೋದೇ ಬೇಡ. ನೀವು ಹೂಂ ಅಂದ್ರೆ ಈಗ್ಲೇ ಹೊರಡ್ತೇನೆ.’

ಸುಭಾಷ ನನ್ನ ಕಡೆ ತಿರುಗಿದ. ‘ನೀವು ಏನಂತೀರಿ ಸಾಹೇಬ್ರ? ದಿಲ್ಲಿ ಕಂಡವರು ನೀವು.’

ಗುರುತಿಲ್ಲದವನಿಗೆ ಮಾಲು ಇಳಿಸಬೇಡ ಎಂದು ಎಷ್ಟು ಹುಡುಗರಿಗೆ ಹೇಳಿಕೊಟ್ಟವನು ನಾನು. ದಲಾಲಿಯ ಕಾಲು ಹಿಡಿದು ಇನ್ನೊಂದು ದಿನ ಕಾಯುವುದು ನನ್ನ ಪದ್ಧತಿ. ಬಾಯಿ ತೆರೆದಾಗ ಬಂದದ್ದು ಬೇರೆ. ‘ಸುಭಾಷ, ಅಲ್ಲಿ ನಾಲ್ಕೂವರೆ ಕೋಟಿ ಬಾಯಿ ಇದಾವೆ. ಒಬ್ಬ ದಲಾಲಿ ಮುಖ ತಿರುಗಿಸ್ದ ಅಂದ್ರೆ ಉಳಿದವ್ರು ಹಣ್ಣು ತಿನ್ನೂದು ಬಿಡ್ತಾರಾ? ಅವಳು ಹೇಳಿದ ಹಾಗೆ ಮಾಡು. ನಾನು ಕಂಡ ದಿಲ್ಲಿ ಈಗ ಇಲ್ಲ.’

ಕೊನೆಯ ಮಾತು ಹೇಳಬೇಕೆಂದಿರಲಿಲ್ಲ. ಸುಭಾಷ ಮೂಗು ಒರೆಸಿಕೊಂಡು ಫೋನಿನ ಹತ್ತಿರ ಬಾಗಿ, ‘ಹೊಂಡ್ರಿ ಅಕ್ಕಾರ’ ಎಂದ.

ಮೇ 10, ಭಾನುವಾರ

ಗಾಜಿಯಾಬಾದ್ ಆಯಿತು ಎಂದು ಒಂದು ಸಾಲು ಬಂದಿದೆ. ಆಮೇಲೆ ಇಬ್ಬರೂ ಫೋನ್ ಎತ್ತುತ್ತಿಲ್ಲ.

ಒಲೆಯ ಮೇಲಿಟ್ಟ ಹಾಲು ಮರೆತು ಸೀದಿತು. ಸುಭಾಷ ಎರಡು ಸಲ ಬಂದು ಹೋದ.

ಮೇ 11, ಸೋಮವಾರ

ಲಾರಿ ಖಾಲಿ. ಅಲ್‌ಹಮ್ದುಲಿಲ್ಲಾ.

ಮಧ್ಯಾಹ್ನ ಶಮ್ಸು ಫೋನ್ ಮಾಡಿ ಎಲ್ಲ ಹೇಳಿದಳು. ನಾನು ಮಧ್ಯೆ ಬಾಯಿ ಹಾಕದೆ ಕೇಳಿದೆ. ಗಾಜಿಯಾಬಾದಿನವನು ಅರ್ಧ ಎಂದವನು ಹಣ್ಣು ನೋಡಿ ಅದಕ್ಕಿಂತ ಹೆಚ್ಚೇ ಇಳಿಸಿಕೊಂಡ. ಇವಳ ಉರ್ದು ಕೇಳಿ ಹೈದರಾಬಾದಿನವರಾ ಎಂದನಂತೆ. ‘ಅಲ್ಲ, ಶಿರಸಿಯವ್ರು ಅಂದೆ. ಶಿರಸಿ ಎಲ್ಲಿ ಅಂದ. ನಿಮ್ಮ ದಿಲ್ಲಿ ಎಲ್ಲಿ ಶುರು ಅಂತ ಹೇಳಿ, ಆಮೇಲೆ ನಾನು ಶಿರಸಿ ಎಲ್ಲಿ ಅಂತ ಹೇಳ್ತೇನೆ ಅಂದೆ’ ಎಂದಳು. ಇಷ್ಟು ಮಾತು ಇವಳಿಗೆ ಯಾವಾಗ ಬಂತು?

ಅಲ್ಲಿಂದ ಮತ್ತೆ ಹೊರಸುತ್ತು ಹಿಡಿದು, ಪಲ್ವಲ್ ಹತ್ತಿರ ಪಶ್ಚಿಮಕ್ಕೆ ತಿರುಗಿ, ಹರಿಯಾಣದ ಗುರ್ಗಾಂವ್. ಅಲ್ಲಿ ಎತ್ತರದ ಕಟ್ಟಡಗಳ ಬುಡದಲ್ಲಿ ತಳ್ಳುಗಾಡಿಯವರು ಸುತ್ತ ಸೇರಿ ಚೌಕಾಸಿ ಮಾಡಿದರಂತೆ. ಹುಸ್ನಾ ಒಂದು ಬೆಲೆ ಹೇಳಿ ಟೂಲ್ಸ್ ಪೆಟ್ಟಿಗೆಯ ಮೇಲೆ ಕೂತುಬಿಟ್ಟಳಂತೆ, ಇಳಿಸಲೇ ಇಲ್ಲ. ಕೊನೆಗೆ ಅವರೇ ಬಂದರು. ಉಳಿದದ್ದು ಇವತ್ತು ಬೆಳಿಗ್ಗೆ ರಾಜಸ್ಥಾನದ ಭಿವಾಡಿಯಲ್ಲಿ ಹೋಯಿತು. ಎರಡೂ ಊರಿನ ನಡುವೆ ರಾಜ್ಯ ಬದಲಾದದ್ದು ಒಂದು ಹಲಗೆ ನೋಡಿ ಗೊತ್ತಾಯಿತಂತೆ. ಮನೆಗಳು ಹಾಗೇ, ಜನ ಹಾಗೇ, ಧೂಳೂ ಹಾಗೇ. ಕೆಳಗಿನ ಸಾಲಿನಲ್ಲಿ ಸ್ವಲ್ಪ ಜಜ್ಜಿದ್ದು ಬಿಟ್ಟರೆ ಹಣ್ಣು ಗಟ್ಟಿಯಾಗಿಯೇ ಇತ್ತು.

ಮೂರು ರಾಜ್ಯ ಸುತ್ತಿ, ದಿಲ್ಲಿಯ ಮಾಲನ್ನು ದಿಲ್ಲಿಗೆ ಕಾಲಿಡದೆ ಮಾರಿದಳು. ನಾನು ಮೂವತ್ತು ವರ್ಷದಲ್ಲಿ ಇಂಥದ್ದು ಮಾಡಿಲ್ಲ. ಮಾಡಬಹುದು ಎಂದೂ ಹೊಳೆದಿರಲಿಲ್ಲ. ಸುಭಾಷನಿಗೆ ಫೋನ್ ಮಾಡಿದರೆ ಅವನು ಆ ಕಡೆ ಗದ್ದೆಯಲ್ಲೇ ಕೂತು ಅತ್ತ. ಖುಷಿಯಾಯಿತು ಎಂದು ಬರೆಯಲು ನಾಚಿಕೆ ಏನು? ಬಹಳ ಖುಷಿಯಾಯಿತು.

ಭಿವಾ‌ಡಿಯಿಂದ ಹುಬ್ಬಳ್ಳಿಗೆ ನೀರಿನ ಪೈಪಿನ ಲೋಡೂ ಹಿಡಿದಿದ್ದಾಳೆ. ಖಾಲಿ ಬರುವುದಿಲ್ಲ.

ಮೇ 13, ಬುಧವಾರ

ಆಟೋದಲ್ಲಿ ಐದು ರಸ್ತೆಗೆ ಹೋಗಿ ಬಂದೆ. ಕಾಯಿಲೆ ಬಿದ್ದ ಮೇಲೆ ಮೊದಲ ಸಲ. ಚಹಾದಂಗಡಿಯಲ್ಲಿ ಹಳೆಯ ಡ್ರೈವರುಗಳಿದ್ದರು. ಸುಮ್ಮನೆ ಕೂರಬೇಕೆಂದೇ ಹೋದದ್ದು, ಆದರೆ ಅವರೇ ಕೇಳಿದರು. ಹೇಳಿದೆ. ಮೇಜಿನ ಮೇಲೆ ನೀರಿನಲ್ಲಿ ಬೆರಳು ಅದ್ದಿ ನಕ್ಷೆ ಬರೆದು ತೋರಿಸಿದೆ: ಇಲ್ಲಿ ಯಮುನಾ, ಇಲ್ಲಿ ಉತ್ತರ ಪ್ರದೇಶ, ಇಲ್ಲಿ ಹರಿಯಾಣ ಎರಡೂ ಕಡೆ ತಬ್ಬಿಕೊಂಡಿದೆ, ಇಲ್ಲಿ ಕೆಳಗೆ ರಾಜಸ್ಥಾನ. ನೀವೆಲ್ಲ ದಿಲ್ಲಿ ದಿಲ್ಲಿ ಅಂತೀರಲ್ಲ, ದಿಲ್ಲಿ ಅಂದ್ರೆ ನಡುವಿನ ಈ ಸಣ್ಣ ಹನಿ ಅಲ್ಲ ಎಂದೆ. ಒಬ್ಬ, ‘ದಿಲ್ಲಿ ಖಾಜಾ, ನಿನಗೆ ಇದೆಲ್ಲ ಮೊದ್ಲೇ ಗೊತ್ತಿತ್ತಾ?’ ಎಂದ. ಚಹಾ ಆರುತ್ತಿತ್ತು, ಕುಡಿದೆ.

ಹಿಂದಿನ ಎರಡು ಟೈರು ಸವೆದಿವೆ ಎಂದು ಹುಸ್ನಾ ಹೇಳಿದ್ದಳು. ಟೈರಿನವನಿಗೆ ಎರಡು ತೆಗೆದಿಡು ಎಂದೆ. ‘ಮಾರೂ ಲಾರಿಗೆ ಹೊಸ ಟೈರು ಯಾಕೆ ಸಾಹೇಬ್ರೆ?’ ಎಂದು ಕೇಳಿದ. ತಲೆಹರಟೆ ಮಾಡಬೇಡ ಎಂದು ಬೈದು ಬಂದೆ.

ಮೇ 16, ಶನಿವಾರ

ಸಂಜೆ ಮಗ್ರಿಬ್ ನಮಾಜಿನ ಹೊತ್ತಿಗೆ ಬಂದರು. ಶಮ್ಸು ಕಪ್ಪಾಗಿದ್ದಾಳೆ, ಪರಿಮಳಾ ಟೀಚರನ್ನು ತಬ್ಬಿಕೊಂಡು ಒಂದೇ ಸಮ ಮಾತು. ಹುಸ್ನಾ ಇಳಿದು ಸಲಾಂ ಹೇಳಿದಳು. ಕಣ್ಣು ಕೆಂಪಗಿತ್ತು, ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಏನಾದರೂ ಹೇಳಬೇಕೆಂದು ನಾಲ್ಕು ದಿನದಿಂದ ಮಾತು ಜೋಡಿಸಿಟ್ಟಿದ್ದೆ. ‘ಊಟ ಮಾಡು’ ಎಂದಷ್ಟೇ ಬಂತು. ಅವಳು ಎರಡು ತುತ್ತು ತಿಂದು, ಕೂತಲ್ಲೇ ತೂಕಡಿಸಿ, ಎದ್ದು ಹೋಗಿ ಮಲಗಿದಳು.

ಮೇ 17, ಭಾನುವಾರ

ಹುಬ್ಬಳ್ಳಿಯ ಪಾರ್ಟಿ ಹೇಳಿದ ಹೊತ್ತಿಗೇ ಬಂದ, ಜೊತೆಗೆ ಮೆಕ್ಯಾನಿಕ್ಕು. ಇಬ್ಬರೂ ಲಾರಿಯನ್ನು ಒಂದು ಸುತ್ತು ಹಾಕಿ, ಬಗ್ಗಿ, ಬಡಿದು ನೋಡಿದರು. ಲಾರಿ ನಿಂತ ಚಪ್ಪರದ ಪಕ್ಕದಲ್ಲೇ ಹುಸ್ನಾ ಮಲಗುವ ಕೋಣೆಯ ಕಿಟಕಿ. ನಾನು ಜಗಲಿಯಿಂದ ಎದ್ದು ಗೋಡೆ ಹಿಡಿದುಕೊಂಡು ಅಲ್ಲಿಯ ತನಕ ಹೋದೆ.

‘ಒಮ್ಮಿ ಚಾಲೂ ಮಾಡ್ರಿ ಸಾಹೇಬ್ರ, ಎಂಜಿನ್ ಸಪ್ಪಳ ಕೇಳೂಣು’ ಎಂದ ಪಾರ್ಟಿ.

‘ಆಗೂದಿಲ್ಲ’ ಎಂದೆ.

‘ಯಾಕ್ರಿ, ಬ್ಯಾಟರಿ ಇಳದೈತೇನು?’

‘ಡ್ರೈವರ್ ಮಲಗಿದಾರೆ. ದಿಲ್ಲಿ ಸುತ್ತಿ ನಿನ್ನೆ ಬಂದವ್ರು. ಸದ್ದು ಮಾಡ್ಬಾರದು.’

‘ಅವರನ್ನ ಎಬ್ಬಸೂದ ಬ್ಯಾಡ್ರಿ. ಕೀಲಿ ಕೊಡ್ರಿ, ನಾವ ಹಚ್ಚಿ ನೋಡ್ತೀವಿ.’

‘ಕೀಲಿ ಅವರ ಹತ್ರ ಇದೆ. ಲಾರಿ ಅವರದ್ದು.’

ಪಾರ್ಟಿ ಮೆಕ್ಯಾನಿಕ್ಕಿನ ಮುಖ ನೋಡಿದ. ಮಾಲಕರು ಎದ್ದ ಮೇಲೆ ಮಾತಾಡುತ್ತೇವೆ, ಕಾಯುತ್ತೇವೆ ಎಂದ. ಎದ್ದ ಮೇಲೆ ಅವರಿಗೆ ಪುರಸೊತ್ತು ಇರುವುದಿಲ್ಲ, ದಾಸನಕೊಪ್ಪದಲ್ಲಿ ಲೋಡು ಕಾಯುತ್ತಿದೆ ಎಂದೆ. ಶಮ್ಸು ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು, ಒಳಗೆ ಹೋಗಿ ಅವರಿಗೆ ಚಹಾ ಇಟ್ಟಳು. ಕುಡಿದು ಎದ್ದರು. ಕಾರಿನ ಬಾಗಿಲು ಮೆಲ್ಲಗೆ ಹಾಕಿ ಎಂದು ರಸ್ತೆಯ ತನಕ ಕಾಲೆಳೆದುಕೊಂಡು ಹೋಗಿ ಹೇಳಿ ಬಂದೆ.